ಇಳಿಯುತ್ತಿದ್ದ ಹಿಂದಿನ ಬಲಗಾಲು: ಒಂದು ಮನೆಗಾಡಿಯ ಪ್ರಕರಣ

ಫೋನ್ ಬಂದಿದ್ದು ಫ್ರಿಜ್ ವಿಷಯಕ್ಕೆ. "ಮೇಸ್ತ್ರಿ, ದಿನಾ ಹಾಲು ಒಡೆದು ಹೋಗ್ತಿದೆ. ಫ್ರಿಜ್ ತಣ್ಣಗಾಗ್ತಿಲ್ಲ. ನೀವು ಹೈಡ್ರಾಲಿಕ್ ಕೆಲಸದವರಂತೆ, ಒಂದ್ಸಲ ಬಂದು ನೋಡ್ತೀರಾ?" ಅಂದರು. ನನಗೆ ನಗು ಬಂತು. ದಾವಣಗೆರೆಯಲ್ಲಿ ನನ್ನದು ಸಣ್ಣ ವರ್ಕ್‌ಶಾಪು. ಟಿಪ್ಪರ್, ಟ್ರ್ಯಾಕ್ಟರ್, ಬೋರ್‌ವೆಲ್ ಲಾರಿ ಬರುತ್ತವೆ. ಸಿಲಿಂಡರ್ ಬಿಚ್ಚುವುದು, ಎಣ್ಣೆ ಸೋರದಂತೆ ತಡೆಯುವ ಸೀಲ್ ಹಾಕುವುದು, ಪೈಪು ಬದಲಿಸುವುದು, ಇಷ್ಟೇ. ಫ್ರಿಜ್ ರಿಪೇರಿಗೆ ಅಂತ ಇದುವರೆಗೆ ಯಾರೂ ಕರೆದಿರಲಿಲ್ಲ.

ವಿಚಾರಿಸಿದಾಗ ಗೊತ್ತಾಯ್ತು, ಅದು ಮನೆಯ ಫ್ರಿಜ್ ಅಲ್ಲ. ಮನೆಗಾಡಿಯ ಫ್ರಿಜ್. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೈಲರ್. ಒಳಗೆ ಎರಡು ಮಂಚ, ಅಡಿಗೆ ಕಟ್ಟೆ, ಬಚ್ಚಲು ಎಲ್ಲಾ ಇದೆ. ನಾಲ್ಕು ಮೂಲೆಗೆ ನಾಲ್ಕು ಹೈಡ್ರಾಲಿಕ್ ಕಾಲು, ಅಂದರೆ ಪಂಪು ಎಣ್ಣೆ ಒತ್ತಿ ಇಳಿಸುವ ಕಾಲು. ಗುಂಡಿ ಒತ್ತಿದರೆ ಕಾಲುಗಳು ತಾವೇ ಇಳಿದು ಗಾಡಿಯನ್ನು ಮಟ್ಟ ಮಾಡಬೇಕು. ಅದು ಮಾಡುತ್ತಿರಲಿಲ್ಲ.

ಯಜಮಾನರು ನಿವೃತ್ತರು, ಊರು ಚಿತ್ರದುರ್ಗದ ಕಡೆ. 2022ರಲ್ಲಿ ಮಾರಿಕಣಿವೆ ಡ್ಯಾಂ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, ಆಗ ಇವರೂ ಮನೆಯ ಅಜ್ಜಿಯನ್ನು ಕರೆದುಕೊಂಡು ನೋಡಲು ಹೋಗಿದ್ದರಂತೆ. ಜನಜಾತ್ರೆ. ಅಜ್ಜಿಗೆ ಕೂರಲು ಜಾಗ ಇಲ್ಲ, ಬಚ್ಚಲಿಗೆ ಹೋಗಲು ಜಾಗ ಇಲ್ಲ. ಅವತ್ತೇ ತಲೆಗೆ ಹೊಕ್ಕಿದ್ದು ಈ ಮನೆಗಾಡಿ. ಹೊರಗಿನ ಕವಚವನ್ನು ಇಲ್ಲೇ ಕಟ್ಟಿಸಿದರು. ಕಾಲು, ಪಂಪು, ಪ್ಯಾನೆಲ್ಲು ಹೊರದೇಶದಿಂದ ತರಿಸಿದ ಕಿಟ್ಟು.

ನಾನು ಹೋದಾಗ ಗಾಡಿ ಹೊಳಲ್ಕೆರೆ ರಸ್ತೆಯ ಪಕ್ಕ, ಅವರ ತಮ್ಮನ ಜಮೀನಿನಲ್ಲಿ ನಿಂತಿತ್ತು. ಜನವರಿ ತಿಂಗಳು. ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ ವಾಲಿದ್ದು ಗೊತ್ತಾಯ್ತು. ನನ್ನ ಹತ್ತಿರ ಗಾರೆ ಕೆಲಸದವರ ರಸಮಟ್ಟ ಒಂದಿದೆ, ಎರಡು ಅಡಿ ಉದ್ದದ್ದು. ಅದನ್ನು ನೆಲಕ್ಕಿಟ್ಟರೆ ಗುಳ್ಳೆ ಪೂರ್ತಿ ಒಂದು ಕಡೆಗೆ ಓಡಿತು. ಅಳೆದು ನೋಡಿದರೆ ಆರು ಅಡಿ ಅಗಲಕ್ಕೆ ನಾಲ್ಕು ಇಂಚು ವಾಲಿತ್ತು. ಲೆಕ್ಕ ಹಾಕಿದರೆ ಮೂರು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಅಜ್ಜಿ ಮಂಚದ ಮೇಲೆ ಗೋಡೆಗೆ ದಿಂಬು ಕೊಟ್ಟು ಕೂತಿದ್ದರು. "ರಾತ್ರಿ ನಿದ್ದೇನೇ ಇಲ್ಲಪ್ಪಾ, ಉರುಳಿ ಉರುಳಿ ಗೋಡೆಗೆ ಹೋಗ್ತೀನಿ" ಅಂದರು.

ಫ್ರಿಜ್ ಕಥೆ ಅಲ್ಲೇ ಮುಗಿಯಿತು. ಅದು ಗ್ಯಾಸಿನ ಮೇಲೆ ನಡೆಯುವ ಫ್ರಿಜ್. ಕಂಪ್ರೆಸರ್ ಇಲ್ಲ. ಅಮೋನಿಯಾ ಮತ್ತು ನೀರಿನ ಮಿಶ್ರಣವನ್ನು ಸಣ್ಣ ಉರಿಯಿಂದ ಕಾಯಿಸುತ್ತದೆ, ಅದು ಕೊಳವೆಗಳಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಬಂದು ಸುತ್ತಬೇಕು. ಎರಡು ಮೂರು ಡಿಗ್ರಿಗಿಂತ ಜಾಸ್ತಿ ವಾಲಿದರೆ ದ್ರವ ಒಂದು ಕಡೆ ನಿಂತುಬಿಡುತ್ತದೆ, ತಂಪು ನಿಲ್ಲುತ್ತದೆ. ವಾಲಿದ ಹಾಗೇ ತಿಂಗಳುಗಟ್ಟಲೆ ಓಡಿಸಿದರೆ ಫ್ರಿಜ್ ಕಾಯಂ ಆಗಿಯೇ ಹಾಳಾಗಬಹುದು. ಉರಿ ಆರಿಸಿ ಅಂದೆ. ಕಾಲಿನ ಕಡೆ ತಿರುಗಿದೆ.

ಗುಂಡಿ ಒತ್ತಿ ತೋರಿಸಿ ಅಂದೆ. ಒತ್ತಿದರು. ಪಂಪು ಗುರ್ರ್ ಅಂತ ನರಳಿತು. ಮುಂದಿನ ಎರಡು ಕಾಲು ಇಳಿದವು, ನೆಲ ಮುಟ್ಟಿದವು, ಗಾಡಿಯ ಮೂತಿ ಸ್ವಲ್ಪ ಎದ್ದಿತು. ಹಿಂದಿನ ಕಾಲಿಗೆ ಬರುವಷ್ಟರಲ್ಲಿ ಪಂಪಿನ ದನಿ ಇಳಿಯಿತು, ಪ್ಯಾನೆಲ್ ಮೇಲೆ ಕೆಂಪು ದೀಪ. ವೋಲ್ಟೇಜ್ ಕಡಿಮೆ ಅಂತ ಬರೆದು ನಿಂತುಬಿಟ್ಟಿತು.

"ಪಂಪು ಹೋಗಿದೆ, ಹೊಸದು ಹಾಕಬೇಕು ಅಂತ ಒಬ್ಬರು ಹೇಳಿದರು" ಅಂತ ಯಜಮಾನರು ಹೇಳಿದರು. "ಇನ್ನೊಬ್ಬರು ಸೀಲ್ ಹೋಗಿದೆ ಅಂದರು. ಆಯಿಲ್ ಬೇರೆ ಸೋರ್ತಿದೆ, ನೋಡಿ." ಪಂಪಿನ ಪೆಟ್ಟಿಗೆ ಕೆಳಗೆ ನಿಜವಾಗಿಯೂ ಎಣ್ಣೆಯ ಕಲೆ ಇತ್ತು.

ನಮ್ಮ ಕಸುಬಿನ ರೋಗ ಒಂದಿದೆ. ಹೈಡ್ರಾಲಿಕ್ ಕೆಲಸದವನನ್ನು ಕರೆದರೆ ಅವನು ಹೈಡ್ರಾಲಿಕ್ಕನ್ನೇ ಬಿಚ್ಚುತ್ತಾನೆ. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೀನಿ. ಆದರೆ ಪ್ಯಾನೆಲ್ಲು ಬಾಯಿಬಿಟ್ಟು ವೋಲ್ಟೇಜ್ ಅಂತ ಹೇಳ್ತಿರುವಾಗ ಸಿಲಿಂಡರ್ ಬಿಚ್ಚುವುದು ಯಾಕೆ? ನಮ್ಮ ಹುಡುಗನಿಗೆ ಪಾನಾ ಕೆಳಗಿಡು, ಮಲ್ಟಿಮೀಟರ್ ತಾ ಅಂದೆ.

ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್. ಚೆನ್ನಾಗಿದೆ. ಹುಡುಗ ಗುಂಡಿ ಒತ್ತಿ ಹಿಡಿದ. ಪಂಪು ಓಡುವಾಗ ಬ್ಯಾಟರಿಯ ಟರ್ಮಿನಲ್ ಮೇಲೆ 11.8. ಇದೂ ತಪ್ಪಲ್ಲ, ಯಾಕಂದ್ರೆ ಈ ಮೋಟರ್ 110 ಆಂಪಿಯರ್ ಎಳೀತಿತ್ತು. ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ. ಆಮೇಲೆ ಅದೇ ಹೊತ್ತಿನಲ್ಲಿ ಮೋಟರಿನ ಎರಡು ತುದಿಗೆ ಮೀಟರ್ ಇಟ್ಟೆ. 9.6 ವೋಲ್ಟ್!

ಬ್ಯಾಟರಿಯಿಂದ ಮೋಟರಿಗೆ ನಾಲ್ಕೈದು ಅಡಿ. ಆ ನಾಲ್ಕೈದು ಅಡಿಯಲ್ಲಿ 2.2 ವೋಲ್ಟ್ ಎಲ್ಲಿ ಹೋಯ್ತು? ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಮೋಟರಿನ ಪ್ಲಸ್‌ಗೆ: 0.3. ಪರವಾಗಿಲ್ಲ. ಮೈನಸ್ ಕಡೆ ಹಾಗೇ ಇಟ್ಟೆ: 1.9. ಕಳ್ಳ ಅಲ್ಲಿದ್ದ. ಹೀಗೆ ಅಳೆಯುವಾಗ ಪಂಪು ಓಡುತ್ತಲೇ ಇರಬೇಕು, ಇದು ಮುಖ್ಯ. ಪಂಪು ನಿಂತಾಗ ಅಳೆದರೆ ಈ ನಷ್ಟ ಕಾಣುವುದೇ ಇಲ್ಲ, ವೈರಿಂಗ್ ಸರಿಯಿದೆ ಅಂತ ತೀರ್ಮಾನ ಮಾಡಿ ಪಂಪನ್ನೇ ಬೈದುಕೊಂಡು ಕೂರುತ್ತೀರಿ. ಹಿಂದೆ ನೋಡಿದವರು ಮಾಡಿದ್ದು ಅದೇ ಇರಬೇಕು.

ಮೈನಸ್ ಕೇಬಲ್ ಹಿಡಿದುಕೊಂಡು ಹೋದೆ. ಅದು ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಒಂದು ಬೋಲ್ಟಿನಲ್ಲಿ ಸೇರಿತ್ತು, ಟಾರ್ಚ್ ಬಿಟ್ಟರೆ ಮಾತ್ರ ಕಾಣುವ ಜಾಗ. ಬೆರಳು ತಾಗಿಸಿದೆ, ಚುರ್ ಅಂತು. ಲೆಕ್ಕ ನೋಡಿ. 110 ಆಂಪಿಯರ್, 1.9 ವೋಲ್ಟ್, ಗುಣಿಸಿದರೆ 200 ವ್ಯಾಟ್ ದಾಟುತ್ತದೆ. 25 ವ್ಯಾಟಿನ ಎಂಟು ಸೋಲ್ಡರಿಂಗ್ ಐರನ್ ತಂದು ಒಂದೇ ಬೋಲ್ಟಿಗೆ ಇಟ್ಟ ಹಾಗೆ. ಬಿಚ್ಚಿದೆ. ಲಗ್ಗಿನ, ಅಂದರೆ ಕೇಬಲ್ ತುದಿಯ ಲೋಹದ ಬಳೆಯ, ಕೆಳಗೆ ಕಪ್ಪು ಪೇಂಟ್ ಹಾಗೇ ಇತ್ತು. ಗಾಡಿ ಕಟ್ಟಿದವರು ಪೇಂಟ್ ಕೆರೆಯದೆ ಅದರ ಮೇಲೇ ಲಗ್ ಇಟ್ಟು ಬಿಗಿದಿದ್ದರು. ಕರೆಂಟ್ ಹರಿಯುತ್ತಿದ್ದದ್ದು ಬರೀ ಬೋಲ್ಟಿನ ಸುರುಳಿಯ ಮೂಲಕ. ಹೊಸದರಲ್ಲಿ ಹೇಗೋ ನಡೆದಿದೆ. ಒಂದು ಮಳೆಗಾಲ ಕಳೆದ ಮೇಲೆ ಸುರುಳಿಯಲ್ಲಿ ತುಕ್ಕು ಕೂತಿದೆ.

ಎಮರಿ ಪೇಪರಿನಲ್ಲಿ ಒಂದು ರೂಪಾಯಿ ಅಗಲದ ಜಾಗ ಬೆಳ್ಳಗೆ ಹೊಳೆಯುವ ತನಕ ಉಜ್ಜಿದ ನಮ್ಮ ಹುಡುಗ. ಹೊಸ ಲಗ್, ಹಲ್ಲಿನ ವಾಷರ್, ಬಿಗಿದ ಮೇಲೆ ಗ್ರೀಸ್. ಮತ್ತೆ ಅಳೆದರೆ 0.15 ವೋಲ್ಟ್. ಖರ್ಚು ಚಹಾದ ದುಡ್ಡಿಗಿಂತ ಸ್ವಲ್ಪ ಜಾಸ್ತಿ. ಗುಂಡಿ ಒತ್ತಿದರೆ ಪಂಪಿನ ದನಿಯೇ ಬೇರೆ. ನಾಲ್ಕೂ ಕಾಲು ಸರಸರ ಇಳಿದು ನಿಂತವು. ಯಜಮಾನರು ಹೊಸ ಪಂಪಿಗೆ ಅಡ್ವಾನ್ಸ್ ಕಳಿಸಲು ಹೊರಟಿದ್ದರಂತೆ.

ಸೋರುವ ಎಣ್ಣೆ? ಅದು ಸೋರಿಕೆಯೇ ಅಲ್ಲ. ಹಿಂದೆ ಯಾರೋ ಕಾಲುಗಳು ಕೆಳಗೆ ಇಳಿದಿರುವಾಗ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದಾರೆ, ಆಯಿಲ್ ಕಡಿಮೆ ಕಂಡಿದೆ, ತುಂಬಿಸಿದ್ದಾರೆ. ಕಾಲು ಇಳಿದಾಗ ಆಯಿಲ್ ಸಿಲಿಂಡರಿನಲ್ಲಿ ಇರುತ್ತದಲ್ವಾ, ಟ್ಯಾಂಕಿನಲ್ಲಿ ಕಡಿಮೆ ಇರಲೇಬೇಕು. ಕಾಲು ಮೇಲೆತ್ತಿದಾಗ ಅದೆಲ್ಲಾ ವಾಪಸ್ ಬಂದು, ಜಾಗ ಇಲ್ಲದೆ ಗಾಳಿ ತೂತಿನಿಂದ ಹೊರಗೆ ಚೆಲ್ಲಿದೆ. ಆಯಿಲ್ ಮಟ್ಟ ನೋಡುವುದು ನಾಲ್ಕೂ ಕಾಲು ಪೂರ್ತಿ ಒಳಗೆ ಎಳೆದುಕೊಂಡ ಮೇಲೆ. ಜೊತೆಗೆ ಈ ಕಿಟ್ಟಿಗೆ ಬೇಕಾದದ್ದು ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಕೆಂಪು ಆಯಿಲ್, ಎಟಿಎಫ್ ಅನ್ನುತ್ತಾರೆ. ಅವರು ತುಂಬಿಸಿದ್ದು ನಮ್ಮ ಜೆಸಿಬಿಗಳಿಗೆ ಹಾಕುವ 68 ನಂಬರಿನ ಹೈಡ್ರಾಲಿಕ್ ಆಯಿಲ್, ಎಟಿಎಫ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ಮಂದ. ಟ್ಯಾಂಕಿನಲ್ಲಿ ಮಿಕ್ಸ್ ಆಗಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಮುಂದಿನ ಸಲ ಬಂದಾಗ ಬದಲಿಸೋಣ ಅಂತ ಹೇಳಿ ದಾವಣಗೆರೆಗೆ ಹೊರಟೆ.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಫೋನ್. "ಸಂಜೆ ಮಟ್ಟ ಮಾಡಿ ಮಲಗ್ತೀವಿ, ಬೆಳಗ್ಗೆ ಎದ್ದರೆ ಹಿಂದಿನ ಬಲಗಡೆ ಇಳಿದಿರುತ್ತೆ." ಈಗ ನನಗೂ ಸೀಲ್ ಅಂತಲೇ ಅನ್ನಿಸಿತು. ಸೀಲ್ ಕಿಟ್ ಹುಡುಕುವುದಕ್ಕೆ ಶುರು ಮಾಡಿದ್ದೆ ಕೂಡ. ಆ ಅಳತೆಯದು ದಾವಣಗೆರೆಯಲ್ಲಿ ಸಿಗಲಿಲ್ಲ. ಸಿಗದೇ ಇದ್ದದ್ದೇ ಒಳ್ಳೆಯದಾಯಿತು.

ಮತ್ತೆ ಹೋದೆ, ಈ ಸಲ ರಾತ್ರಿ ಅಲ್ಲೇ ಉಳಿಯುವ ತಯಾರಿಯಲ್ಲಿ. ಮಧ್ಯಾಹ್ನ ಮೂರಕ್ಕೆ ಗಾಡಿಯನ್ನು ಮಟ್ಟ ಮಾಡಿದೆವು. ನಾಲ್ಕೂ ಕಾಲಿನ ಹೊಳೆಯುವ ರಾಡಿನ ಮೇಲೆ, ಸಿಲಿಂಡರ್ ಬಾಯಿಯ ಹತ್ತಿರ, ಮಾರ್ಕರ್ ಪೆನ್ನಿನಲ್ಲಿ ಒಂದೊಂದು ಗೆರೆ. ಸ್ಟೀಲ್ ಸ್ಕೇಲಿನಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ರಾತ್ರಿ ಚಪ್ಪರದ ಕೆಳಗೆ ರೊಟ್ಟಿ, ಕಾಳಿನ ಪಲ್ಯ. ಚಳಿ ಚೆನ್ನಾಗಿತ್ತು. ದೂರದ ಗುಡ್ಡದ ಮೇಲೆ ಗಾಳಿ ಯಂತ್ರಗಳ ಕೆಂಪು ದೀಪ ಮಿಣುಕುತ್ತಿತ್ತು.

ಬೆಳಗ್ಗೆ ಆರಕ್ಕೆ ಅಳೆದೆ. ಮೂರು ಕಾಲು 2ರಿಂದ 3 ಮಿಲಿಮೀಟರ್ ಇಳಿದಿದ್ದವು, ಅಂದರೆ ರಾಡು ಅಷ್ಟು ಒಳಗೆ ಸರಿದು ಗಾಡಿ ಕೂತಿತ್ತು. ಹಿಂದಿನ ಬಲಗಾಲು 19.

ಯಜಮಾನರು ಗಾಬರಿಯಾದರು. "ಅಂದ್ರೆ ನಾಲ್ಕೂ ಕೆಟ್ಟಿವೆಯಾ?" ಇಲ್ಲ ಸಾರ್ ಅಂದೆ. ಎಣ್ಣೆ ಬಿಸಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಡಿಗ್ರಿಗೆ ಹತ್ತು ಸಾವಿರಕ್ಕೆ ಏಳರಷ್ಟು. ಕಾಲಿನೊಳಗೆ 300 ಮಿಲಿಮೀಟರ್ ಎಣ್ಣೆಯ ಕಂಬ ಇದೆ ಅಂದುಕೊಳ್ಳಿ, ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 15 ಡಿಗ್ರಿ ವ್ಯತ್ಯಾಸ. ಲೆಕ್ಕಕ್ಕೆ 3 ಮಿಲಿಮೀಟರ್ ಬರುತ್ತದೆ. ಮಧ್ಯಾಹ್ನ ಬಿಸಿಲಿಗೆ ಅದೇ 3 ವಾಪಸ್ ಏರುತ್ತದೆ. ಅದು ರೋಗ ಅಲ್ಲ, ಹವಾ. ರೋಗ ಇರುವುದು 19ರಲ್ಲಿ.

ಈಗ ಆ ಕಾಲಿನ ಎಣ್ಣೆ ತಪ್ಪಿಸಿಕೊಳ್ಳಲು ಎರಡೇ ದಾರಿ. ಒಂದು, ಸಿಲಿಂಡರ್ ಒಳಗಿನ ಪಿಸ್ಟನ್ ಸೀಲ್ ದಾಟಿ ಆಯಿಲ್ ಮೇಲಿಂದ ಕೆಳಕ್ಕೆ ಹೋಗಿ ವಾಪಸ್ ಪೈಪಿಗೆ ಸೇರುತ್ತಿರಬೇಕು. ಇನ್ನೊಂದು, ಆಯಿಲನ್ನು ಕಾಲಿನಲ್ಲಿ ಹಿಡಿದಿಡುವ ವಾಲ್ವು ಪೂರ್ತಿ ಮುಚ್ಚುತ್ತಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಸಿಲಿಂಡರ್ ಬಿಚ್ಚುವುದು ಒಂದು ದಿನದ ಕೆಲಸ. ವಾಲ್ವು ಬಿಚ್ಚುವುದು ಹತ್ತು ನಿಮಿಷ. ಅದಕ್ಕಿಂತ ಸುಲಭ, ಎರಡು ವಾಲ್ವು ಅದಲು ಬದಲು ಮಾಡುವುದು. ನಾಲ್ಕೂ ಒಂದೇ ಅಳತೆಯವು. ಹಿಂದಿನ ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ. ರೋಗ ವಾಲ್ವಿನ ಜೊತೆ ಎಡಕ್ಕೆ ಹೋದರೆ ವಾಲ್ವು ಕೆಟ್ಟಿದೆ. ಬಲಗಾಲಿನಲ್ಲೇ ಉಳಿದರೆ ಸೀಲ್.

ಒಂದು ಮಾತು ಇಲ್ಲೇ ಹೇಳಿಬಿಡುತ್ತೀನಿ. ವಾಲ್ವಿಗೆ ಕೈ ಹಾಕುವ ಮೊದಲು ನಾಲ್ಕೂ ಕಾಲು ಮೇಲೆತ್ತಿ, ಗಾಡಿ ತನ್ನ ಗಾಲಿಯ ಮೇಲೆ ನಿಂತು, ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟಿರಬೇಕು. ಎರಡೂವರೆ ಟನ್ ಗಾಡಿ ಅದು. ಕಾಲಿನ ಮೇಲೆ ಭಾರ ಇರುವಾಗ ವಾಲ್ವು ಸಡಿಲಿಸಿದರೆ ಆ ಮೂಲೆ ಒಂದೇ ಏಟಿಗೆ ಕೂರುತ್ತದೆ. ಹಾಗೇ, ಎಲ್ಲಿ ಸೋರುತ್ತಿದೆ ಅಂತ ಕೈ ಆಡಿಸಿ ಹುಡುಕುವವರನ್ನು ನೋಡಿದ್ದೀನಿ. ಸೂಜಿ ಮೊನೆಯಷ್ಟು ತೂತಿನಿಂದ ಪ್ರೆಷರ್ ಮೇಲೆ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕಿಯಷ್ಟೇ ಗಾಯ, ಆದರೆ ಆಪರೇಷನ್ ಮಾಡಿಯೇ ತೆಗೆಯಬೇಕು. ರಟ್ಟಿನ ತುಂಡು ಹಿಡಿದು ನೋಡಿ, ಕೈ ಬೇಡ.

ವಾಲ್ವು ಬದಲಿಸಿ, ಮತ್ತೆ ಗೆರೆ ಹಾಕಿ, ಇನ್ನೊಂದು ರಾತ್ರಿ. ಬೆಳಗ್ಗೆ ಬಲಗಾಲು 3. ಎಡಗಾಲು 17.

ಸೀಲ್ ಅಲ್ಲ! ನಮ್ಮ ಹುಡುಗ ನನಗಿಂತ ಮೊದಲು ಕೂಗಿದ.

ಆ ವಾಲ್ವನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟೆ. ನನ್ನ ಕಿರುಬೆರಳಿನಷ್ಟು ಉದ್ದ. ತುದಿಯಲ್ಲಿ ಕೋನ್ ಆಕಾರದ ಸಣ್ಣ ಮೂತಿ, ಅದು ಕೂರುವ ದುಂಡನೆಯ ಅಂಚು. ಕಣ್ಣಿಗೆ ಏನೂ ಕಾಣಲಿಲ್ಲ. ಯಜಮಾನರು ಪೇಪರ್ ಓದುವ ಭೂತಗನ್ನಡಿ ಕೊಟ್ಟರು. ಆಗ ಕಂಡಿತು. ಅಂಚಿಗೆ ಅಂಟಿಕೊಂಡು ಒಂದು ಬಿಳಿ ಎಳೆ. ಶಾವಿಗೆಗಿಂತ ಸಣ್ಣದು, ಅಕ್ಕಿ ಕಾಳಿನ ಅರ್ಧ ಉದ್ದ. ಚಿಮಟದಲ್ಲಿ ಎಳೆದರೆ ರಬ್ಬರಿನ ಹಾಗೆ ಹಿಗ್ಗಿ ಬಂತು. ಟೆಫ್ಲಾನ್ ಟೇಪು. ನಲ್ಲಿಯವರು ಪೈಪಿನ ಸುರುಳಿಗೆ ಸುತ್ತುತ್ತಾರಲ್ಲ, ಅದೇ.

ಹೈಡ್ರಾಲಿಕ್ ಪಂಪಿನಲ್ಲಿ ನಲ್ಲಿ ಟೇಪು ಎಲ್ಲಿಂದ ಬಂತು? ಯಜಮಾನರಿಗೆ ನೆನಪಾಯ್ತು. ಆರು ತಿಂಗಳ ಹಿಂದೆ ಪ್ರವಾಸದಲ್ಲಿ ಒಂದು ಪೈಪಿನ ಕೊನೆ ಹನಿಯುತ್ತಿತ್ತು, ಹೈವೇ ಬದಿಯ ಒಂದು ಕಡೆ ತೋರಿಸಿದ್ದರು. ಅವರೇ 68 ನಂಬರ್ ಆಯಿಲ್ ಹಾಕಿದವರು. ಆ ಪೈಪು ಬಿಚ್ಚಿ ನೋಡಿದೆ. ಸುರುಳಿಗೆ ಐದಾರು ಸುತ್ತು ಬಿಳಿ ಟೇಪು, ತುದಿ ಹರಿದು ಒಳಗೆ ಜೋತಾಡುತ್ತಿತ್ತು. ಈ ಥರದ ಫಿಟ್ಟಿಂಗಿನಲ್ಲಿ ಸೋರಿಕೆ ತಡೆಯುವುದು ಸುರುಳಿ ಅಲ್ಲ. ತುದಿಯ ಕೋನ್ ಇನ್ನೊಂದು ಕೋನಿಗೆ ಲೋಹಕ್ಕೆ ಲೋಹ ಕೂತು ತಡೆಯುತ್ತದೆ. ಸುರುಳಿಯ ಕೆಲಸ ಬರೀ ಒತ್ತಿ ಹಿಡಿಯುವುದು. ಅಲ್ಲಿ ಟೇಪು ಸುತ್ತಿದರೆ ಲಾಭ ಸೊನ್ನೆ. ಹರಿದ ಚೂರು ಆಯಿಲ್ ಜೊತೆ ಹೊರಟು ಎಲ್ಲಿ ಜಾಗ ಕಿರಿದೋ ಅಲ್ಲಿ ಕೂರುತ್ತದೆ. ವಾಲ್ವಿನ ಅಂಚಿಗಿಂತ ಕಿರಿದಾದ ಜಾಗ ಎಲ್ಲಿದೆ?

ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಕೆಲಸ ಕಲಿಯುವಾಗ ನಾನೂ ಸುತ್ತಿದ್ದೀನಿ. ನನ್ನ ಗುರುಗಳ ಹತ್ತಿರ ತಲೆ ಮೇಲೆ ಮೊಟಕಿಸಿಕೊಂಡು ಬಿಟ್ಟಿದ್ದು.

ಆಯಿಲ್ ಪೂರ್ತಿ ಇಳಿಸಿದೆವು. ಸೋಸಿದ ಬಟ್ಟೆಯಲ್ಲಿ ಇನ್ನೂ ಮೂರು ಎಳೆ ಸಿಕ್ಕವು. ಟ್ಯಾಂಕ್ ಒರೆಸಿ, ನಾಲ್ಕೂ ವಾಲ್ವು ತೊಳೆದು, ಹೊಸ ಎಟಿಎಫ್. ಕಾಲುಗಳನ್ನು ನಾಲ್ಕು ಸಲ ಪೂರ್ತಿ ಇಳಿಸಿ ಪೂರ್ತಿ ಎತ್ತಿದೆವು, ಒಳಗಿನ ಗಾಳಿ ಹೋಗಲಿ ಅಂತ. ಮೊದಲೆರಡು ಸಲ ಕಾಲು ಜರ್ಕ್ ಹೊಡೆಯುತ್ತಾ ಬಂತು, ಆಮೇಲೆ ಬೆಣ್ಣೆಯ ಹಾಗೆ. ಕರೆಂಟ್ 110ರಿಂದ 90 ಆಂಪಿಯರಿಗೆ ಇಳಿಯಿತು. ಮಂದ ಆಯಿಲ್ಲೂ ಮೊದಲಿನ ತೊಂದರೆಗೆ ತನ್ನ ಪಾಲು ಕೊಟ್ಟಿತ್ತು ಅಂತ ಆಗ ಗೊತ್ತಾಯ್ತು.

ಕೊನೆಗೆ ಸಣ್ಣದೊಂದು ಬಾಕಿ. ಪ್ಯಾನೆಲ್ಲು ಹಸಿರು ದೀಪ ತೋರಿಸಿ ಮಟ್ಟ ಆಯ್ತು ಅನ್ನುತ್ತಿತ್ತು, ನನ್ನ ರಸಮಟ್ಟದ ಗುಳ್ಳೆ ಒಪ್ಪುತ್ತಿರಲಿಲ್ಲ. ಗಾಡಿ ವಾಲಿದ್ದನ್ನು ಗುರುತಿಸುವ ಸೆನ್ಸರ್ ಪೆಟ್ಟಿಗೆಯನ್ನು ಯಾವಾಗಲೋ ಬಿಚ್ಚಿ ಮತ್ತೆ ಸ್ಕ್ರೂ ಮಾಡಿದ್ದರು, ಸ್ವಲ್ಪ ಸೊಟ್ಟ ಕೂತಿತ್ತು. ಸೆನ್ಸರಿಗೆ ಮಟ್ಟ ಅಂದರೆ ಏನು ಅಂತ ನಾವೇ ಹೇಳಿಕೊಡಬೇಕು. ಗುಂಡಿಗಳಿಂದ ಕೈಯಾರೆ ಒಂದೊಂದು ಕಾಲು ಹೊಂದಿಸಿ, ರಸಮಟ್ಟದ ಗುಳ್ಳೆ ಉದ್ದಕ್ಕೂ ಅಡ್ಡಕ್ಕೂ ನಡುವೆ ಬಂದ ಮೇಲೆ, ಇದೇ ಸೊನ್ನೆ ಅಂತ ಪ್ಯಾನೆಲ್ಲಿನಲ್ಲಿ ಸೇವ್ ಮಾಡಿದೆವು. ಅಜ್ಜಿ ಒಂದು ನಿಂಬೆಹಣ್ಣು ತಂದು ನೆಲದ ಮೇಲಿಟ್ಟು ನೋಡಿದರು. ಉರುಳಲಿಲ್ಲ. ಅವರ ಮಟ್ಟಿಗೆ ರಿಪೇರಿ ಆಗ ಮುಗಿದದ್ದು.

ಕಾಲಿನ ಕೆಳಗಿನ ನೆಲದ ಬಗ್ಗೆ ಹೇಳದಿದ್ದರೆ ಈ ಪ್ರಕರಣ ಅರ್ಧ. ಅಲ್ಲಿಯದು ಎರೆ ಮಣ್ಣು. ಬೇಸಿಗೆಯಲ್ಲಿ ಕಲ್ಲು, ಮಳೆ ಬಿದ್ದರೆ ಹಿಟ್ಟು. ಕಾಲಿನ ಪಾದ 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆ. ಒಂದು ಕಾಲಿಗೆ 600 ಕಿಲೋ ಭಾರ ಅಂದರೆ ಒಂದು ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2 ಕಿಲೋ. ಒದ್ದೆ ಎರೆ ಅದನ್ನು ತಡೆಯುವುದಿಲ್ಲ. ಯಜಮಾನರು ಕಡಪಾ ಕಲ್ಲು ಇಟ್ಟು ನೋಡಿದ್ದರು, ಎರಡು ಹೋಳಾಗಿತ್ತು. ತೆಳು ಕಲ್ಲು ನಡುವಿನ ಭಾರಕ್ಕೆ ಒಡೆಯುತ್ತದೆ. ಒಂದೂವರೆ ಅಡಿ ಚೌಕದ, ಎರಡು ಇಂಚು ದಪ್ಪದ ಮರದ ಹಲಗೆ ಮಾಡಿಸಿಕೊಳ್ಳಿ ಅಂದೆ. ಭಾರ ಹತ್ತಿರ ಹತ್ತಿರ ಏಳು ಪಟ್ಟು ಹರಡುತ್ತದೆ. ಊರಿನ ಬಡಿಗೇರರು ಜಾಲಿ ಮರದಲ್ಲಿ ಮಾಡಿಕೊಟ್ಟರು. ನಾಲ್ಕು ಹಲಗೆಗೂ ಹಗ್ಗದ ಹಿಡಿ ಬೇರೆ.

ಇನ್ನೊಂದು ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಒಂದು ಸಲ ಕಾಲುಗಳು ಕೆಳಗಿರುವಾಗಲೇ ಕರೆಂಟ್ ಕೈಕೊಟ್ಟು ಅರ್ಧ ದಿನ ಹೊರಡಲಾಗದೆ ಕೂತಿದ್ದರಂತೆ. ಈ ಪಂಪಿನ ಮೋಟರ್ ತಲೆಯ ಮೇಲೆ ಒಂದು ಸಣ್ಣ ಮುಚ್ಚಳ ಇದೆ. ಅದರ ಕೆಳಗೆ ಆರು ಮೂಲೆಯ ಶಾಫ್ಟ್. ವಾಲ್ವುಗಳನ್ನು ಕೈಯಿಂದ ತೆರೆದು, ಬ್ಯಾಟರಿ ಡ್ರಿಲ್ಲಿಗೆ ಸಾಕೆಟ್ ಹಾಕಿ ತಿರುಗಿಸಿದರೆ ಕಾಲು ಮೇಲೆ ಬರುತ್ತದೆ. ಮಾಡಿಸಿ ತೋರಿಸಿದೆ. ಈಗ ಡ್ರಿಲ್ಲು ಗಾಡಿಯಲ್ಲೇ ಇರುತ್ತದೆ.

ಹತ್ತು ದಿನ ಕಳೆದು ಬೆಳಗ್ಗೆ ಆರೂವರೆಗೆ ಫೋನ್. ನಾನು ಇನ್ನೂ ಹಲ್ಲುಜ್ಜುತ್ತಿದ್ದೆ.

"ಮೇಸ್ತ್ರಿ, ಮತ್ತೆ ಇಳಿದಿದೆ."

"ಎಷ್ಟು ಸಾರ್?"

"ಸ್ಕೇಲ್ ಇಟ್ಟು ನೋಡಿದೆ. ಎರಡು ಮಿಲಿಮೀಟರ್."

"ನಾಲ್ಕೂನಾ, ಒಂದೇನಾ?"

ಸ್ವಲ್ಪ ಹೊತ್ತು ಮಾತಿಲ್ಲ. ಹೆಜ್ಜೆ ಸಪ್ಪಳ, ಒಂದು ಸಲ ಕೆಮ್ಮು, ಸ್ಕೇಲ್ ಲೋಹಕ್ಕೆ ತಾಗಿದ ಸದ್ದು. "ನಾಲ್ಕೂ."

"ಬಿಸಿಲು ಏರಲಿ ಸಾರ್, ಮಧ್ಯಾಹ್ನ ಇನ್ನೊಮ್ಮೆ ಅಳೆಯಿರಿ."

ಎರಡು ಗಂಟೆಗೆ ಮೆಸೇಜ್ ಬಂತು. ಒಂದು ಫೋಟೋ, ರಾಡಿನ ಮೇಲಿನ ಗೆರೆ ಸಿಲಿಂಡರ್ ಬಾಯಿಗೆ ಸರಿಯಾಗಿ ಕೂತಿತ್ತು. ಕೆಳಗೆ ಒಂದೇ ಸಾಲು: ಅಜ್ಜಿ ಮೊಸರನ್ನ ಕಲಸಿದ್ದಾರೆ, ಈ ಕಡೆ ಬಂದರೆ ಊಟಕ್ಕೆ ಬನ್ನಿ.